ಮಾತು ಮಾರುದ್ದ, ಗಜ ಗೇಣುದ್ದ

ಹುಣಸೂರು
ಈಶ್ವರ ಸಂವತ್ಸರ, ಮಾರ್ಗಶಿರ ಶುದ್ಧ ಪಂಚಮಿ

ಸಾಲಿಗ್ರಾಮದಲ್ಲಿರುವ ನನ್ನ ಎದುರಂಗಡಿಯ ಮಂಟಯ್ಯನಿಗೆ, ದೇವಯ್ಯ ಬರೆಯುವ ಕಾಗದ.

ಇತ್ತ ಎಲ್ಲರೂ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುವುದು ಎಂದು ಶುರು ಮಾಡಬೇಕಂತೆ. ಎರಡು ಸಲ ಹಾಗೆಯೇ ಬರೆದು ಎರಡು ಹಾಳೆ ಹರಿದು ಹಾಕಿದೆ. ಇತ್ತ ಕ್ಷೇಮ ಎಂಬುದು ಸುಳ್ಳು. ಅತ್ತ ನೀನು ಹೇಗಿದ್ದೀಯೆಂಬುದು ನನಗೆ ಗೊತ್ತಿದೆ. ಬಟ್ಟೆಯ ಗಂಟನ್ನು ತಲೆಯ ಮೇಲೆ ಹೊತ್ತು ಸಾಲಿಗ್ರಾಮದ ಬೀದಿಗಳಲ್ಲಿ ಮನೆಮನೆಯ ಮುಂದೆ ನಿಲ್ಲುತ್ತೀಯಂತೆ. ನನ್ನ ಭಾವಮೈದ ಕಣ್ಣಾರೆ ನೋಡಿ ಬಂದು ಹೇಳಿದ. ಹುಣಸೂರಿನ ಪೇಟೆಬೀದಿಯಲ್ಲಿ ಹನ್ನೆರಡು ವರ್ಷ ಅಂಗಡಿ ಹಾಕಿಕೊಂಡು ಕೂತಿದ್ದವನು ನೀನು. ನಿನ್ನ ಬಾಗಿಲು ಹಾಕಿಸಿದ್ದು ಒಂದು ಮಾತು. "ಮಂಟಯ್ಯನ ಮಾತು ಮಾರುದ್ದ, ಗಜ ಗೇಣುದ್ದ." ಅಳತೆಯಲ್ಲಿ ಮೋಸ ಮಾಡುತ್ತೀಯೆಂಬ ಆ ಮಾತು ಯಾರ ಬಾಯಿಂದ ಹೊರಟಿತೆಂದು ನೀನು ಊರೆಲ್ಲ ಕೇಳಿದೆ. ನನ್ನೊಬ್ಬನನ್ನು ಕೇಳಲಿಲ್ಲ. ಅದು ಹೊರಟದ್ದು ನನ್ನ ಬಾಯಿಂದ ಕಣಯ್ಯ.

ಈಗಲೇ ಕಾಗದ ಹರಿಯಬೇಡ. ಹರಿಯುವುದಾದರೆ ಪೂರ್ತಿ ಓದಿ ಹರಿ. ತಪ್ಪಾಯಿತು ಎಂದು ಒಂದು ಸಾಲು ಗೀಚಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ನನ್ನ ಹೊಟ್ಟೆಯಲ್ಲಿ ಏನಿತ್ತು ಎಂಬುದನ್ನು ಹೇಳದೆ ಬರೀ ತಪ್ಪಾಯಿತು ಎಂದರೆ ಅದೂ ಒಂದು ಗೇಣುದ್ದದ ಅಳತೆಯೇ ಆಗುತ್ತದೆ. ನನ್ನ ಹೊಟ್ಟೆಯಲ್ಲಿ ಇದ್ದದ್ದು ಕಿಚ್ಚು. ಅದಕ್ಕೆ ಬೇರೆ ಒಳ್ಳೆಯ ಹೆಸರು ಹುಡುಕಿದೆ, ಸಿಗಲಿಲ್ಲ.

ನಾವಿಬ್ಬರೂ ಮುದ್ದಯ್ಯನವರ ಜವಳಿ ಅಂಗಡಿಯಲ್ಲಿ ಒಟ್ಟಿಗೆ ಕಸುಬು ಕಲಿತವರು. ನಾನು ನಿನಗಿಂತ ಎರಡು ವರ್ಷ ಮೊದಲು ಸೇರಿದವನು. ನೂಲು ಮುಟ್ಟಿದರೆ ಯಾವ ಊರಿನ ಮಗ್ಗದ್ದೆಂದು ಕಣ್ಣುಮುಚ್ಚಿ ಹೇಳುತ್ತಿದ್ದೆ. ನೀನು ಬಂದ ಮೂರನೆಯ ತಿಂಗಳಿಗೇ ಮುದ್ದಯ್ಯನವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಅಂದರು: "ದೇವಯ್ಯ, ನಿಂಗೆ ಬಟ್ಟೆ ಗೊತ್ತು ಕಣ್ಲಾ. ಈ ಮಂಟಯ್ಯಂಗೆ ಜನ ಗೊತ್ತು." ನೀನು ನಾಚಿಕೊಂಡು ನಕ್ಕು ಗಂಟು ಕಟ್ಟುತ್ತಿದ್ದೆ. ನನಗೆ ಆವತ್ತು ಊಟ ಸೇರಲಿಲ್ಲ. ಇಪ್ಪತ್ತು ವರ್ಷವಾಯಿತು. ಮುದ್ದಯ್ಯನವರು ತೀರಿಕೊಂಡೂ ಆಯಿತು. ಆ ಮಾತನ್ನು ಈಗಲೂ ಅವರ ದನಿಯಲ್ಲೇ ಕೇಳುತ್ತೇನೆ.

ಆಮೇಲೆ ಇಬ್ಬರೂ ಸ್ವಂತ ಅಂಗಡಿ ಹಾಕಿದೆವು. ದೇವರಿಗೆ ಬೇರೆ ಜಾಗವೇ ಸಿಗಲಿಲ್ಲವೇನೋ, ನಿನ್ನನ್ನು ತಂದು ನನ್ನ ಕಣ್ಣೆದುರೇ ಕೂರಿಸಿದ. ಬೀದಿಯ ಆ ಕಡೆ ನೀನು, ಈ ಕಡೆ ನಾನು. ನಿನ್ನ ಜಮಖಾನದ ಮೇಲೆ ಜನ, ನನ್ನ ಜಮಖಾನದ ಮೇಲೆ ನೊಣ. ಅದೇ ಬಟ್ಟೆ, ಅದೇ ದರ. ಕೆಲವು ಸಲ ನನ್ನದೇ ಕಾಲಾಣೆ ಕಡಿಮೆ. ಆದರೂ ಹನಗೋಡಿನಿಂದ ಗಾಡಿ ಕಟ್ಟಿಕೊಂಡು ಬಂದ ಹೆಂಗಸರು ನನ್ನ ಅಂಗಡಿಗೆ ಬೆನ್ನು ಮಾಡಿ ಇಳಿದು ನಿನ್ನ ಮೆಟ್ಟಿಲು ಹತ್ತುತ್ತಿದ್ದರು. ಇವನು ಯಾವ ಮದ್ದು ಹಾಕುತ್ತಾನೆ ಎಂದು ನಾನು ಕಿವಿ ನಿಮಿರಿಸಿ ಕೂರುತ್ತಿದ್ದೆ. ವ್ಯಾಪಾರ ಮಾಡುವುದು ಬಿಟ್ಟು ನಿನ್ನ ಮಾತು ಕೇಳುವುದೇ ನನ್ನ ಕಸುಬಾಗಿ ಹೋಯಿತು.

ಕೇಳಿದ್ದನ್ನು ಹೇಳುತ್ತೇನೆ. ಯಾರಾದರೂ ಇಲ್ಲದ ಬಣ್ಣ ಕೇಳಿದರೆ ನಾನು "ಇಲ್ಲ" ಎನ್ನುತ್ತಿದ್ದೆ. ಇಲ್ಲದ್ದಕ್ಕೆ ಇಲ್ಲ ಎನ್ನದೆ ಇನ್ನೇನು ಅನ್ನಬೇಕು? ನೀನು ಅನ್ನುತ್ತಿದ್ದೆ: "ಆ ಬಣ್ಣ ಮುಂದಿನ ಸಂತೆಗೆ ಬತ್ತದೆ ಕಣವ್ವಾ. ನಿಂಗೆ ಅಂತ ಎತ್ತಿಟ್ಟಿರ್ತೀನಿ." ಎತ್ತಿಡುತ್ತಲೂ ಇದ್ದೆ, ಅದೇ ನನಗೆ ತಡೆಯಲಾಗದ್ದು. ಒಮ್ಮೆ ಕೂಲಿ ಹೆಂಗಸೊಬ್ಬಳು ನನ್ನ ಅಂಗಡಿಯಲ್ಲಿ ಜರಿಯಂಚಿನ ಸೀರೆಯನ್ನು ಸವರುತ್ತಾ ನಿಂತಿದ್ದಳು. "ಅದು ನಿಂಗಾಗಲ್ಲ ಬುಡು, ಬೆಲೆ ಜಾಸ್ತಿ" ಎಂದೆ. ಕೈ ಹಿಂದಕ್ಕೆಳೆದುಕೊಂಡು ಹೋದಳು. ಹೋದದ್ದು ನಿನ್ನ ಅಂಗಡಿಗೆ, ಮುಟ್ಟಿದ್ದು ಅಂಥದ್ದೇ ಸೀರೆ. ನೀನು ಅಂದದ್ದು ಇಷ್ಟು: "ಚೆಂದಾಗದೆ. ಆದ್ರೆ ತಾಯಿ, ಹೊಲದ ಕೆಲ್ಸಕ್ಕೆ ಆ ಜರಿ ಎರಡು ತಿಂಗ್ಳು ತಡೆಯಾಕಿಲ್ಲ. ಈ ಚೌಕಳಿ ನೋಡು, ಒಗೆದಂಗೆಲ್ಲ ಮೆತ್ತಗಾಯ್ತದೆ." ಅವಳು ತಲೆ ಎತ್ತಿಕೊಂಡೇ ಚೌಕಳಿ ಸೀರೆ ಕೊಂಡುಹೋದಳು. ನೀನು ಹೇಳಿದ್ದು ಸುಳ್ಳಲ್ಲ. ಜರಿ ತಡೆಯುವುದಿಲ್ಲ ಎಂಬುದು ನಿನಗಿಂತ ಮೊದಲು ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಬಾಯಿಗೆ ಬರಲಿಲ್ಲ ನೋಡು, ಅದಕ್ಕೆ ಉರಿದುಹೋದೆ.

ಅಷ್ಟನ್ನಾದರೂ ಸಹಿಸಿಕೊಳ್ಳುತ್ತಿದ್ದೆನೋ ಏನೋ. ಎರಡು ವರ್ಷದ ಹಿಂದಿನ ಗೌರಿಹಬ್ಬಕ್ಕೆ ನನ್ನ ಹೆಂಡತಿ ಚಿಕ್ಕಸಿದ್ದಮ್ಮ ನೇರಳೆ ಬಣ್ಣದ ಹೊಸ ಸೀರೆ ಉಟ್ಟು ಒಲೆಯ ಮುಂದೆ ನಿಂತಿದ್ದಳು. ಅದು ನನ್ನ ಅಂಗಡಿಯದ್ದಲ್ಲವೆಂದು ಅಂಚು ನೋಡಿದ ಕೂಡಲೇ ತಿಳಿಯಿತು. "ಎಲ್ಲಿಂದ ಬಂತು?" ಎಂದೆ. "ಎದುರಂಗಡೀಲಿ ತಗಂಡೆ" ಎಂದಳು. ಜವಳಿ ಅಂಗಡಿಯವನ ಹೆಂಡತಿ ಬೀದಿ ದಾಟಿ ಎದುರಂಗಡಿಯಲ್ಲಿ ಸೀರೆ ಕೊಂಡಿದ್ದಾಳೆ! ಮಾನ ಹೋಯಿತು ಎಂದು ಕೂಗಾಡಿದೆ. ನಮ್ಮಲ್ಲಿ ಸೀರೆ ಇರಲಿಲ್ಲವಾ, ಬಾಯಿಬಿಟ್ಟು ಕೇಳಿದ್ದರೆ ಕೊಡುತ್ತಿರಲಿಲ್ಲವಾ ಎಂದೆ. ಅವಳು ಸಾರಿಗೆ ಒಗ್ಗರಣೆ ಹಾಕಿ ಮುಗಿಸಿದ ಮೇಲೆ ಹೇಳಿದಳು. "ಹೋದ ವರ್ಷ ಕೇಳಿದ್ದೆ. 'ನಿಂಗ್ಯಾಕೆ ಈಗ' ಅಂದ್ರಿ."

ನನಗೆ ನೆನಪೂ ಇರಲಿಲ್ಲ ಮಂಟಯ್ಯ. ಆಗಷ್ಟೇ ಹೊಸ ಮಾಲು ಬಂದಿತ್ತು, ಗಂಟು ಬಿಚ್ಚಿರಲಿಲ್ಲ. ಈಗ ಯಾಕೆ, ಬಿಚ್ಚಿದ ಮೇಲೆ ನೋಡುವೆಯಂತೆ ಎಂಬುದು ನನ್ನ ಮನಸ್ಸಿನಲ್ಲಿದ್ದದ್ದು. ಬಾಯಲ್ಲಿ ಬಂದದ್ದು ಎರಡೇ ಪದ. ನಮ್ಮ ಮಗು ಹೋಗಿ ಆಗ ಆರು ತಿಂಗಳಾಗಿತ್ತು, ನಿನಗೂ ಗೊತ್ತು. ಮಡಿಲು ಬರಿದಾದವಳಿಗೆ ಹೊಸ ಸೀರೆ ಯಾಕೆ ಎಂದು ಗಂಡ ಕೇಳುತ್ತಿದ್ದಾನೆ ಎಂದು ಅವಳಿಗೆ ಕೇಳಿಸಿದೆ. ಒಂದು ವರ್ಷ ಅದನ್ನು ನುಂಗಿಕೊಂಡು ನನಗೆ ಅನ್ನ ಬಡಿಸಿದ್ದಾಳೆ. ನಿನ್ನ ಅಂಗಡಿಗೆ ಬಂದಾಗ ನೀನು ಕೇಳಿದ್ದು ಒಂದೇ ಮಾತಂತೆ. "ಅತ್ತಿಗೆಮ್ಮ, ಎಲ್ಲಿಗೆ ಉಡ್ತೀರಿ?" ಅವಳು "ಎಲ್ಲಿಗೂ ಇಲ್ಲ ಕಣಪ್ಪ, ಮನೇಲೇ ಉಡ್ತೀನಿ" ಅಂದಳಂತೆ. "ಹಂಗಾದ್ರೆ ಮೆತ್ತಗಿರೋದು ಕೊಡ್ತೀನಿ" ಎಂದೆಯಂತೆ. ಅಷ್ಟಕ್ಕೆ ಅವಳು ನಕ್ಕಳಂತೆ. ಈ ನಗುವಿನ ಸುದ್ದಿಯನ್ನು ಪಕ್ಕದ ಅಂಗಡಿಯವರು ನನಗೆ ತಂದು ಮುಟ್ಟಿಸಿದರು. ನನ್ನ ಮನೆಯಲ್ಲಿ ಒಂದೂವರೆ ವರ್ಷದಿಂದ ಯಾರೂ ನಕ್ಕಿರಲಿಲ್ಲ. ನಿನ್ನ ಮೇಲೆ ನನಗೆ ಬಂದ ಸಿಟ್ಟನ್ನು ಏನೆಂದು ಬರೆಯಲಿ.

ಆಮೇಲೆ ನಾನು ಒಂದು ತೀರ್ಮಾನಕ್ಕೆ ಬಂದೆ. ಇವನ ಮಾತನ್ನು ನಾನೂ ಕಲಿಯುತ್ತೇನೆ, ಇದೇನು ಮಹಾ ವಿದ್ಯೆ ಎಂದುಕೊಂಡೆ. ನೀನು ಸೀರೆ ಮಡಿಸಿ ಕೊಡುವಾಗ ಹರಸುತ್ತಿದ್ದೆಯಲ್ಲ, "ಯಾರ ಮನೆ ಶುಭಕಾರ್ಯ ಕಣವ್ವಾ? ನೂರು ಕಾಲ ಉಟ್ಟು ಹರೀಲಿ" ಎಂದು, ಅದನ್ನು ಬಾಯಿಪಾಠ ಮಾಡಿದೆ. ನಿನ್ನ ಹಾಗೆಯೇ ತಲೆ ಓರೆ ಮಾಡಿ ಹೇಳುವುದನ್ನು ಬಚ್ಚಲಮನೆಯಲ್ಲಿ ಅಭ್ಯಾಸ ಮಾಡಿದ್ದೇನೆ, ನಗಬೇಡ. ನಾಲ್ಕು ದಿನ ಚೆನ್ನಾಗಿಯೇ ನಡೆಯಿತು. ಇಬ್ಬರು ಹೆಂಗಸರು ಖುಷಿಯಾಗಿ ಹೋದರು. ನಾನು ಬೀದಿಯ ಆ ಕಡೆ ನಿನ್ನನ್ನು ನೋಡಿ ಮೀಸೆಯಡಿಯಲ್ಲಿ ನಕ್ಕೆ.

ಐದನೆಯ ದಿನ ಹನಗೋಡಿನ ಕರಿಯಯ್ಯ ಬಂದ. ಅದು ಹೋದ ವರ್ಷದ ವೈಶಾಖ, ಮದುವೆಗಳ ಕಾಲ. ಒಬ್ಬನೇ ಬಂದು "ಒಂದು ಹಸ್ರು ಸೀರೆ" ಎಂದ. ಕೊಟ್ಟೆ. ಬಿಚ್ಚಲಿಲ್ಲ, ಸೆರಗು ನೋಡಲಿಲ್ಲ, ಬೆಲೆ ಕೇಳಲಿಲ್ಲ. ಸೊಂಟದ ಚೀಲ ಬಿಚ್ಚಿ ಇದ್ದಷ್ಟನ್ನೂ ನನ್ನ ಮುಂದೆ ಇಟ್ಟ. ಜವಳಿ ಅಂಗಡಿಯಲ್ಲಿ ಕೂತವನಿಗೆ ಇಷ್ಟು ಸಾಕು. ಮದುವೆ ಸೀರೆಗೆ ಗಂಡಸು ಒಬ್ಬನೇ ಬರುವುದಿಲ್ಲ, ಚೌಕಾಸಿ ಮಾಡದೆ ಕೊಳ್ಳುವುದಿಲ್ಲ. ಹೀಗೆ ಬಂದು ಹೀಗೆ ಕೊಳ್ಳುವ ಹಸಿರು ಸೀರೆ ಒಂದೇ, ಮುತ್ತೈದೆಯಾಗಿ ಸತ್ತವಳ ಮೈಮೇಲೆ ಹಾಕುವುದು. ಅಂಥವರ ಮುಂದೆ ನಮ್ಮ ಕಸುಬಿನವರು ಬಾಯಿ ಬಿಡುವುದಿಲ್ಲ, ಮುದ್ದಯ್ಯನವರು ಮೊದಲ ವಾರದಲ್ಲೇ ಕಲಿಸಿದ ಪಾಠ ಅದು. ನಾನು ಕರಿಯಯ್ಯನ ಮುಖವನ್ನೇ ನೋಡಿರಲಿಲ್ಲ. ನೀನು ನೋಡುತ್ತಿದ್ದೀಯೋ ಇಲ್ಲವೋ ಎಂದು ಬೀದಿಯ ಆಚೆ ನೋಡುತ್ತಿದ್ದೆ. ತಲೆ ಓರೆ ಮಾಡಿ, ನಿನಗೂ ಕೇಳಲಿ ಎಂದು ಗಟ್ಟಿಯಾಗಿ ಅಂದೆ: "ಯಾರ ಮನೆ ಶುಭಕಾರ್ಯ ಕಣಪ್ಪಾ? ಮಹಾತಾಯಿ ನೂರು ಕಾಲ ಉಟ್ಟು ಹರೀಲಿ!"

ಅವನು ಸೀರೆಯನ್ನು ಜಮಖಾನದ ಮೇಲೇ ಬಿಟ್ಟು ಎದ್ದು ಬೀದಿಗಿಳಿದ. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಬೀದಿಯ ಮಧ್ಯದಲ್ಲಿ ನಿಂತ. ಬೀದಿಯ ಕೊನೆಯಲ್ಲಿ ಗಾಡಿ ನಿಂತಿತ್ತು, ಎತ್ತುಗಳ ನೊಗ ಬಿಚ್ಚಿರಲಿಲ್ಲ, ಗಾಡಿಯ ಮೇಲೆ ಚಾಪೆ ಮುಚ್ಚಿತ್ತು. ಆಸ್ಪತ್ರೆಗೆಂದು ಬೆಳಿಗ್ಗೆ ತಂದ ಹೆಂಡತಿಯನ್ನು ವಾಪಸ್ಸು ಊರಿಗೆ ಒಯ್ಯುತ್ತಿದ್ದ. ನೀನು ಅದನ್ನು ಆಗಲೇ ನೋಡಿದ್ದೆ. ಗಿರಾಕಿಗಳನ್ನು ಬಿಟ್ಟು ಇಳಿದು ಬಂದೆ. ಅವನ ಕೈ ಹಿಡಿದುಕೊಂಡೆ. ನನ್ನ ಅಂಗಡಿಗೆ ಹತ್ತಿ, ನನ್ನ ಮುಂದಿದ್ದ ಅದೇ ಸೀರೆಯನ್ನು ತೆಗೆದುಕೊಂಡು, ನಿನ್ನ ಹೆಗಲ ವಸ್ತ್ರದಲ್ಲಿ ಸುತ್ತಿ ಅವನ ಕಂಕುಳಿಗೆ ಇಟ್ಟೆ. ಗಾಡಿಯವರೆಗೂ ಅವನ ಜೊತೆ ನಡೆದೆ. ಒಂದು ಮಾತೂ ಆಡಲಿಲ್ಲ. ಮಾತಿನ ಮಲ್ಲ ಮಂಟಯ್ಯ ಒಂದೇ ಒಂದು ಮಾತೂ ಆಡಲಿಲ್ಲ! ವಾಪಸ್ಸು ಬರುವಾಗ ನನ್ನ ಮೆಟ್ಟಿಲ ಹತ್ತಿರ ನಿಂತು ಮೆಲ್ಲಗೆ ಅಂದೆ: "ಅಂವ ಸೆರಗ ಬಿಚ್ಚಿ ನೋಡ್ನಿಲ್ಲ ಕಣಣ್ಣ."

ನನ್ನನ್ನು ಬಯ್ಯಬಾರದಿತ್ತಾ? ಬೈದಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ನಾಚಿಕೆಯಿಂದ ಸಾಯಬೇಕಾದ ಹೊತ್ತಿನಲ್ಲೂ ನನಗೆ ಮೊದಲು ಬಂದದ್ದು ಹೊಟ್ಟೆಯುರಿಯೇ. ಊರಿನ ಬಾಯಲ್ಲಿ ಆವತ್ತಿನಿಂದ ಒಂದೇ ಮಾತು, ಮಂಟಯ್ಯನಿಗೆ ಹೆಂಗರುಳು, ದೇವಯ್ಯನಿಗೆ ಬುದ್ಧಿ ಬೇಡವಾ ಎಂದು. ನಾನಾಡಿದ ಆ ಮಾತು ನಿನ್ನದೇ ಎಂದು ಕೂಗಿ ಹೇಳೋಣ ಅನ್ನಿಸಿತು. ಕದ್ದ ಮಾತು ಕದ್ದವನಿಗೇ ತಗಲಿಕೊಂಡಿತು ಎಂದು ನಗುತ್ತಾರಲ್ಲ ಎಂದು ಸುಮ್ಮನಾದೆ.

ಅದಾದ ತಿಂಗಳಿಗೆ ಮರಮ್ಮ ಬಂದಳು. ನಿನಗೆ ಗೊತ್ತೇ ಇದೆ, ಬೆಣ್ಣೆ ಮಾರುತ್ತಾ ಹತ್ತೂರು ತಿರುಗುವ ಮುದುಕಿ. "ಮಂಟಯ್ಯನ ತಾವ ತಂದ ರವಿಕೆ ಬಟ್ಟೆ ಒಸಿ ಸಾಲ್ದೇ ಓಯ್ತು ಕಣಪ್ಪ, ಯಾಕೆ?" ಎಂದು ಕೇಳಿದಳು. ಯಾಕೆಂದು ನನಗೆ ಗೊತ್ತಿತ್ತು. ಬಟ್ಟೆ ನೋಡಿಯೇ ಗೊತ್ತಾಯಿತು. ಹೊಲಿಸುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ ಗಂಜಿ ಬಿಡಿಸಿದ್ದಾಳೆ, ಬಟ್ಟೆ ಕುಗ್ಗಿದೆ. ನನ್ನ ಅಂಗಡಿಯ ಬಟ್ಟೆಯೂ ಅಷ್ಟೇ ಕುಗ್ಗುತ್ತಿತ್ತು. ನೀರಿಗೆ ಕುಗ್ಗಿದೆ ಕಣಜ್ಜಿ ಎಂದಿದ್ದರೆ ಮುಗಿದುಹೋಗುತ್ತಿತ್ತು. ಜನ್ಮದಲ್ಲಿ ಒಂದು ಒಳ್ಳೆಯ ಮಾತು ಹೊಂದಿಸಲಾಗದ ನನ್ನ ಬಾಯಿಗೆ ಆ ಗಳಿಗೆಯಲ್ಲಿ, ಯಾರೋ ಒಳಗೆ ಕೂತು ಹೇಳಿಕೊಟ್ಟಂತೆ, ಅದು ಬಂದುಬಿಟ್ಟಿತು. "ಮಂಟಯ್ಯನ ಮಾತು ಮಾರುದ್ದ ಕಣಜ್ಜಿ, ಗಜ ಗೇಣುದ್ದ."

ಮರಮ್ಮ ಬೊಚ್ಚುಬಾಯಿ ಬಿಟ್ಟು ನಕ್ಕಳು. ಇನ್ನೊಂದು ಸಲ ಹೇಳಿಸಿಕೊಂಡು ಹೋದಳು. ನಾನು ಆಡಿದ ಮಾತಿಗೆ ಜೀವಮಾನದಲ್ಲಿ ಮೊದಲ ಸಲ ಒಬ್ಬರು ನಕ್ಕಿದ್ದರು ಮಂಟಯ್ಯ. ಆ ದಿನ ನಾನು ಮನೆಗೆ ಶಿಳ್ಳೆ ಹಾಕಿಕೊಂಡು ಹೋದೆ. ಹದಿನೈದು ದಿನಕ್ಕೆ ಅದು ಹನಗೋಡು ಮುಟ್ಟಿತು, ತಿಂಗಳಿಗೆ ಹಾರನಹಳ್ಳಿ ದಾಟಿತು. ಸಂತೆಯಲ್ಲಿ ಗಿರಾಕಿಗಳು ನಿನ್ನ ಗಜದ ಕೋಲನ್ನು ಕಿತ್ತುಕೊಂಡು ಬೆರಳಿನಲ್ಲಿ ಅಳೆಯತೊಡಗಿದರು. ಸರ್ಕಾರಿ ಮುದ್ರೆ ತೋರಿಸಿದೆ, ಯಾರೂ ನೋಡಲಿಲ್ಲ. ಎಷ್ಟು ಮಾತಾಡಿದೆಯೋ ಅಷ್ಟೂ ನಿನಗೇ ತಿರುಗಿತು. ನೀನು ಬಾಯಿ ಬಿಟ್ಟರೆ ಸಾಕು, "ನೋಡ್ರಲಾ, ಮಾರುದ್ದ ಶುರುವಾಯ್ತು" ಎಂದು ನಗುತ್ತಿದ್ದರು. ನಾನು ಈ ಕಡೆ ಕೂತು ಬಟ್ಟೆ ಹರಿದೇ ಹರಿದೆ. ನನ್ನ ಜಮಖಾನದ ತುಂಬ ಜನ. ಆದರೂ ಕಣ್ಣು ನಿನ್ನ ಕಡೆಗೇ. ಖಾಲಿ ಅಂಗಡಿಯಲ್ಲಿ ಕೂತಿದ್ದವನನ್ನು ನೋಡಿಯೂ ಹೊಟ್ಟೆಕಿಚ್ಚು ಪಡಬಹುದು ಎಂದು ನನಗೆ ಗೊತ್ತಿರಲಿಲ್ಲ. ಅಂಥ ಹೊತ್ತಿನಲ್ಲೂ ನೀನು ಯಾರಿಗೂ ಕೆಟ್ಟ ಮಾತಾಡುತ್ತಿರಲಿಲ್ಲವಲ್ಲ.

ಹೋದ ವರ್ಷದ ದೀಪಾವಳಿಯ ಮಾರನೆಯ ದಿನ ನೀನೂ ನಿನ್ನ ಹೆಂಡತಿ ನೀಲಾಂಬಿಕೆಯೂ ಊರು ಬಿಟ್ಟಿರಿ. ಹೋಗುವ ಮುಂಚೆ ನನ್ನ ಅಂಗಡಿಗೆ ಬಂದು ನಿನ್ನ ಗಜದ ಕೋಲನ್ನು ನನ್ನ ಕಂಬಕ್ಕೆ ಒರಗಿಸಿದೆ. "ಬತ್ತೀನಿ ದೇವಣ್ಣ" ಅಂದೆ. ಅಷ್ಟೇ. ಅದನ್ನು ಯಾಕೆ ಬಿಟ್ಟುಹೋದೆ? ಹೊತ್ತು ಮಾರುವವನಿಗೆ ಅದು ಬೇಕಿತ್ತಲ್ಲ. ನಾನೇ ಅಂದವನೆಂದು ನಿನಗೆ ಗೊತ್ತಿತ್ತಾ? ಇದನ್ನು ಕೇಳಿಕೊಳ್ಳುತ್ತಾ ಒಂದು ವರ್ಷ ಕಳೆದಿದ್ದೇನೆ. ಆ ಕೋಲನ್ನು ಒಂದು ದಿನವೂ ನನ್ನ ಕೋಲಿನ ಪಕ್ಕ ಇಟ್ಟು ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ.

ಚಿಕ್ಕಸಿದ್ದಮ್ಮನಿಗೆ ಈ ವಿಷಯ ತಿಳಿದದ್ದು ಈಚೆಗೆ, ದಸರೆಯ ಹೊತ್ತಿಗೆ. ಅವಳು ಅಂಗಡಿಗೆ ಮಜ್ಜಿಗೆ ತಂದಿದ್ದಾಗ ಗಿರಾಕಿಯೊಬ್ಬ ಆ ಮಾತನ್ನೇ ಆಡಿ ನಕ್ಕ. ಅವನು ಹೋದ ಮೇಲೆ ಅವಳು ನನ್ನ ಮುಖ ನೋಡಿ, "ಇದು ನಿಮ್ಮ ಮಾತು" ಎಂದಳು. ನಿನಗೆ ಹೇಗೆ ಗೊತ್ತು ಎಂದೆ. "ಬೇರೇರ ಮಾತಿಗೆ ನೀವು ಹಿಂಗೆ ತಲೆ ಆಡ್ಸಲ್ಲ" ಎಂದಳು. ಆಮೇಲೆ ನಿನ್ನ ಅಂಗಡಿಯ ನೇರಳೆ ಸೀರೆಯನ್ನು ಮಡಿಸಿ ಪೆಟ್ಟಿಗೆಗೆ ಹಾಕಿದಳು. "ಆ ಮಾತ ನೀವು ವಾಪಸ್ ತಗಳೋಗಂಟ ನಾನಿದ ಉಡಾಕಿಲ್ಲ" ಎಂದಳು. ಬಯ್ಗುಳವಿಲ್ಲ, ಅಳುವಿಲ್ಲ. ಊಟಕ್ಕೆ ಕರೆಯುವುದಿತ್ತು, ನೀರು ಕೊಡುವುದಿತ್ತು. ಅದರಾಚೆಗೆ ಒಂದು ಮಾತೂ ಇಲ್ಲ. ಮನೆ ಎಂಬುದು ಛತ್ರವಾಯಿತು.

ಹಾಗಾಗಿ ವಾಪಸ್ಸು ತೆಗೆದುಕೊಳ್ಳಲು ಹೊರಟೆ. ಸಂತೆಯ ದಿನ ನಾಲ್ಕು ಜನ ಕೂತಿದ್ದಾಗ ಗಂಟಲು ಸರಿಮಾಡಿಕೊಂಡು, "ಮಂಟಯ್ಯನ ಗಜ ಸರಿಯಾಗೇ ಇತ್ತು ಕಣ್ರಪ್ಪ" ಎಂದೆ. ಏನಾಯಿತು ಗೊತ್ತಾ? ಮರಮ್ಮ ಕೈಯೆತ್ತಿ ಮುಗಿದಳು. "ಎಂಥ ದೊಡ್ಡ ಗುಣ ಕಣಪ್ಪ ನಿಂದು. ಊರು ಬುಟ್ಟು ಓದೋನ್ನೂ ಬುಟ್ಟುಕೊಡಾಕಿಲ್ಲ!" ಎಂದಳು. ನಿನ್ನ ಮಾನ ಒಂದು ದಾರದಷ್ಟೂ ಏಳಲಿಲ್ಲ, ನನ್ನ ಮಾನ ಮೇಲಕ್ಕೆ ಹೋಯಿತು. ಆವತ್ತು ಇನ್ನೂ ಎರಡು ಸೀರೆ ಮಾರಾಟವಾದವು. ಮನೆಗೆ ಬಂದು ಹೆಂಡತಿಗೆ ಹೇಳಿದೆ, ವಾಪಸ್ಸು ತೆಗೆದುಕೊಂಡೆ ಎಂದು. "ಏನಂದ್ರಿ, ಅಂಗೇ ಯೋಳಿ" ಎಂದಳು. ಹೇಳಿದೆ. "ಅದ್ರಲ್ಲಿ ನೀವೆಲ್ಲಿದ್ದೀರಿ?" ಎಂದು ಕೇಳಿ ಎದ್ದುಹೋದಳು.

ನಿಜ. ನಿನ್ನ ಗಜ ಇತ್ತು, ನಿನ್ನ ಹೆಸರಿತ್ತು. ನಾನು ಇರಲಿಲ್ಲ. ತಪ್ಪಿಸಿಕೊಂಡು ನಿಂತಿದ್ದೆ.

ಹೋದ ವಾರದ ಸಂತೆಗೆ ಕರಿಯಯ್ಯ ಬಂದಿದ್ದ. ಆ ವೈಶಾಖದ ಮೇಲೆ ಈ ಬೀದಿಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಮಗಳಿಗೆ ಲಂಗದ ಬಟ್ಟೆ ಬೇಕಿತ್ತು. ನಿನ್ನ ಬಾಗಿಲಿಗೆ ಬೀಗ ನೋಡಿ, ಬೇರೆ ದಾರಿಯಿಲ್ಲದೆ ನನ್ನ ಮೆಟ್ಟಿಲು ಹತ್ತಿದ. ನಾನು ಕೂತಲ್ಲಿಂದ ಎದ್ದು ನಿಂತೆ. "ಕರಿಯಯ್ಯ, ಆವತ್ತು ನಾನಾಡಿದ ಮಾತು ತಪ್ಪಾಯ್ತು ಕಣಪ್ಪ" ಎಂದೆ. ಅವನು ನನ್ನನ್ನೇ ನೋಡಿದ. "ಏನಂದಿದ್ರಿ ದೇವಯ್ನೋರೇ? ನಂಗೆ ಗ್ಯಾನವೇ ಇಲ್ಲ. ಆವತ್ತು ನಂಗೆ ಏನೂ ಕೇಳಿಸ್ತಿರ್ನಿಲ್ಲ. ಮಂಟಯ್ಯ ಕೈ ಹಿಡ್ಕಂಡದ್ದು ಒಂದೇ ಗ್ಯಾನ" ಎಂದ.

ನೋಡಿದೆಯಾ! ಯಾವ ಮಾತಿನ ನಾಚಿಕೆಯಲ್ಲಿ ನಾನು ಬೆಂದು, ಆ ಬೇಗೆಯಲ್ಲಿ ನಿನ್ನ ಮನೆ ಮುರಿದೆನೋ ಆ ಮಾತು ಅವನಿಗೆ ಕೇಳಿಸಿಯೇ ಇಲ್ಲ. ನಿನ್ನ ಕೈ ಮಾತ್ರ ನೆನಪಿದೆ. ಇಲ್ಲೂ ನೀನೇ. ಆ ಕ್ಷಣದಲ್ಲೂ ನನ್ನೊಳಗಿನ ಕಿಚ್ಚು ಎದ್ದಿತು, ಸುಳ್ಳು ಹೇಳುವುದಿಲ್ಲ. ಅವನು ತನ್ನಷ್ಟಕ್ಕೆ ತಾನೇ ಅಂದ: "ಅಂಥ ಮನುಷ್ಯನ ಗಜ ಗೇಣುದ್ದ ಅಂತೆ. ಅಂಗಂದ ಬಾಯಿ ಯಾವ್ದೋ ಕಾಣೆ."

"ಇದೇ ಬಾಯಿ" ಎಂದೆ. ಮರಮ್ಮನೂ ಇದ್ದಳು, ಇನ್ನೂ ಆರೇಳು ಜನರಿದ್ದರು. "ಅಂಗಂದದ್ದು ನಾನು. ಸುಳ್ಳು ಹೇಳ್ದೆ. ಬಟ್ಟೆ ನೀರಿಗೆ ಕುಗ್ಗಿತ್ತು, ಅದು ನಂಗೆ ಗೊತ್ತಿತ್ತು. ಮಂಟಯ್ಯನ ಕಂಡ್ರೆ ಹೊಟ್ಟೆಕಿಚ್ಚು ನಂಗೆ, ಅದಕ್ಕೇ ಅಂದೆ." ಇಷ್ಟನ್ನೂ ನಿಂತುಕೊಂಡೇ ಹೇಳಿದೆ. ತಲೆ ಓರೆ ಮಾಡಲಿಲ್ಲ, ಯಾರ ಮಾತನ್ನೂ ಕದಿಯಲಿಲ್ಲ. ನನ್ನ ಸ್ವಂತದ್ದು ಎಂದು ಹೇಳಿಕೊಳ್ಳಲು ನನಗೆ ಇರುವ ಮಾತು ಅಷ್ಟೇ.

ಕರಿಯಯ್ಯ ಕಂಬಕ್ಕೆ ಒರಗಿದ್ದ ನಿನ್ನ ಕೋಲನ್ನು ತೆಗೆದುಕೊಂಡ. ನನ್ನ ಕೋಲನ್ನೂ ಕೇಳಿ ತೆಗೆದುಕೊಂಡು, ಎರಡನ್ನೂ ಮೆಟ್ಟಿಲ ಮೇಲೆ ಜೋಡಿಸಿ ಇಟ್ಟು ಎರಡು ತುದಿಯ ಮೇಲೂ ಬೆರಳಾಡಿಸಿ ನೋಡಿದ. ಎಲ್ಲರೂ ಬಗ್ಗಿ ನೋಡಿದರು. ಕೂದಲೆಳೆ ಹೆಚ್ಚುಕಡಿಮೆ ಇರಲಿಲ್ಲ. ಅವನು ನಿನ್ನ ಕೋಲನ್ನು ಹೆಗಲ ವಸ್ತ್ರದಿಂದ ಒರೆಸಿ ಕಂಬಕ್ಕೆ ಒರಗಿಸಿದ. ನನ್ನದನ್ನು ಮೆಟ್ಟಿಲ ಮೇಲೆಯೇ ಬಿಟ್ಟು, ಬಟ್ಟೆ ಕೊಳ್ಳದೆ ಇಳಿದುಹೋದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಮರಮ್ಮ ಹೋಗುವಾಗ ನನ್ನ ಮೆಟ್ಟಿಲಿಗೆ ಉಗಿದಳು. ಮೂರೇ ದಿನದಲ್ಲಿ ಇದು ಹತ್ತೂರಿಗೂ ಮುಟ್ಟಿದೆ. ಈ ಸಲ ಮುದುಕಿ ಒಂದು ಪದವನ್ನೂ ಹೆಚ್ಚುಕಡಿಮೆ ಮಾಡಿಲ್ಲವಂತೆ.

ಈಗ ನನ್ನ ಜಮಖಾನದ ಮೇಲೆ ಮತ್ತೆ ನೊಣ. ಇರಲಿ. ನಿನ್ನ ಅಂಗಡಿಯ ಮಾಲೀಕ ಚಿಕ್ಕಣ್ಣನನ್ನು ನೋಡಿ ಬಂದೆ. ಬೇರೆ ಯಾರಿ​ಗೂ ಕೊಟ್ಟಿಲ್ಲ, ಮಂಟಯ್ಯ ಬಂದರೆ ಅದೇ ಬಾಡಿಗೆಗೆ ಕೊಡುತ್ತೇನೆ ಎಂದಿದ್ದಾನೆ. ಬೀಗದ ಕೈ ಕೊಟ್ಟಿದ್ದಾನೆ. ಈ ಕಾಗದದ ಜೊತೆಯಲ್ಲಿದೆ. ನಿನ್ನ ಕೋಲು ಮಾತ್ರ ಕಳಿಸುವುದಿಲ್ಲ. ಅದನ್ನು ನೀನೇ ಬಂದು ನನ್ನ ಕಂಬದಿಂದ ತೆಗೆದುಕೊಳ್ಳಬೇಕು, ನಾಲ್ಕು ಜನ ನೋಡಬೇಕು. ನೀನು ಬಂದರೆ ನನ್ನ ವ್ಯಾಪಾರ ಏಳುವುದಿಲ್ಲ ಎಂದು ನನಗೆ ಗೊತ್ತಿದೆ. ಆವತ್ತಿನಿಂದಲೇ ಮತ್ತೆ ಉರಿಯುತ್ತೇನೆ ಎಂದೂ ಗೊತ್ತಿದೆ. ಎದುರಿಗೆ ನೀನಿದ್ದು ಉರಿಯುವುದೇ ವಾಸಿ. ಆ ಬೀಗ ನೋಡಿಕೊಂಡು ಕೂರುವುದು ನನ್ನ ಕೈಲಾಗದು.

ಇನ್ನೊಂದು ವಿಷಯವಿದೆ, ಅದನ್ನು ಹೇಳಿ ಮುಗಿಸುತ್ತೇನೆ. ನಿನ್ನೆ ಮಧ್ಯಾಹ್ನ ಚಿಕ್ಕಸಿದ್ದಮ್ಮ ಮಜ್ಜಿಗೆ ತಂದವಳು ಅದನ್ನು ಪಕ್ಕಕ್ಕಿಟ್ಟು, ಗಿರಾಕಿಗಳು ಕೂರುವ ಜಾಗದಲ್ಲಿ ಬಂದು ಕೂತಳು. "ಒಂದು ಸೀರೆ ತೋರ್ಸಿ" ಎಂದಳು. ಹತ್ತು ವರ್ಷದ ಸಂಸಾರದಲ್ಲಿ ಅವಳು ಅಲ್ಲಿ ಕೂತದ್ದು ಅದೇ ಮೊದಲು. ಯಾವುದು ಬೇಕು ಎಂಬುದು ನಾಲಿಗೆಯವರೆಗೆ ಬಂತು. ತಡೆದುಕೊಂಡು ಅವಳ ಮುಖ ನೋಡಿದೆ. ಎಷ್ಟು ಸೊರಗಿದ್ದಾಳೆ ಎಂದು ಆಗ ಕಂಡಿತು. "ಎಲ್ಲಿಗೆ ಉಡ್ತೀಯ?" ಎಂದು ಕೇಳಿದೆ. ನಿನ್ನದೇ ಪ್ರಶ್ನೆ, ಒಪ್ಪಿಕೊಳ್ಳುತ್ತೇನೆ. ಈ ಸಲ ಕದ್ದದ್ದಲ್ಲ, ನನಗೆ ನಿಜವಾಗಿಯೂ ತಿಳಿಯಬೇಕಿತ್ತು.

"ತವರಿಗೆ. ಸಾಲಿಗ್ರಾಮಕ್ಕೆ. ಅಲ್ಲಿ ಮಂಟಯ್ಯನ ಮನೆಗೆ ಓಗಿ ಕರ್ಕಂಡ್ ಬರಬೇಕು" ಎಂದಳು. ನಾನು ಅಂಗಡಿಯಲ್ಲಿದ್ದ ಒಳ್ಳೊಳ್ಳೆಯ ಸೀರೆಗಳನ್ನೆಲ್ಲ ಅವಳ ಮುಂದೆ ಹರಡಿದೆ. ಒಂದೊಂದನ್ನೂ ಮುಟ್ಟಿ ನೋಡಿದಳು. ಕೊನೆಗೆ ಎಲ್ಲವನ್ನೂ ಮಡಿಸಿಟ್ಟು ಹೇಳಿದಳು, "ಬ್ಯಾಡ ಬುಡಿ. ಮನೇಲಿ ನೇರಳೆ ಸೀರೆ ಅದೆ. ಅದೇ ಉಡ್ತೀನಿ." ಹೇಳುವಾಗ ನಕ್ಕಳು ಮಂಟಯ್ಯ. ನನ್ನ ಅಂಗಡಿಯಲ್ಲಿ, ನನ್ನ ಮುಂದೆ.

ಈ ಕಾಗದ ತರುವವಳು ಅವಳೇ. ತಮ್ಮನ ಜೊತೆ ಗಾಡಿಯಲ್ಲಿ ಬರುತ್ತಾಳೆ, ನೀಲಾಂಬಿಕೆಗೆ ಅರಿಶಿನ ಕುಂಕುಮ ತರುತ್ತಾಳೆ. ನೀವಿಬ್ಬರೂ ಅವಳ ಜೊತೆಯಲ್ಲೇ ಹೊರಡಿ. ನನ್ನನ್ನು ಕ್ಷಮಿಸುವುದು ಬಿಡುವುದು ನಿನ್ನ ಇಷ್ಟ, ಬಾಗಿಲು ಮಾತ್ರ ತೆಗೆ. ಹಿರಿಯನೆಂಬ ಒಂದೇ ಅಧಿಕಾರದಿಂದ ಹರಸುತ್ತೇನೆ: ನಿನ್ನ ಮೆಟ್ಟಿಲು ಜನರ ಕಾಲಿಗೆ ಸವೆಯಲಿ, ನಾನು ಅದನ್ನು ಎದುರು ಕೂತು ನೋಡುವಂತಾಗಲಿ.

ಒಂದು ಮಾತು ನಡೆಸಿಕೊಡು. ಅವಳು ಆ ಸೀರೆ ಉಟ್ಟು ನಿನ್ನ ಬಾಗಿಲಲ್ಲಿ ನಿಂತಾಗ, ಚೆನ್ನಾಗಿ ಒಪ್ಪುತ್ತದೆ ಅತ್ತಿಗೆಮ್ಮ ಎಂದು ನೀನು ಹೇಳಬೇಡ. ಅದನ್ನು ನಾನು ಹೇಳಿಯೇ ಕಳಿಸಿದ್ದೇನೆ.

ಇಂತು ನಿನ್ನ ದಾರಿ ಕಾಯುವ,
ಎದುರಂಗಡಿಯ ದೇವಯ್ಯ